ಏಳನೇ ಪೆಟ್ಟಿಗೆಯ ಹೆಸರುಗಳು

ಕಳೆದ ವಾರ ಹಲಸೂರಿನ ಒಂದು ಸಣ್ಣ ಓಣಿಯಲ್ಲಿ ಇಸ್ತ್ರಿ ಅಂಗಡಿಯ ಮುಂದೆ ಹಾದುಹೋಗುವಾಗ ಗಂಜಿಯ ವಾಸನೆ ಬಂತು. ಒಳಗೆ ಹೆಂಗಸೊಬ್ಬಳು ದೊಡ್ಡ ಪಾತ್ರೆಯಲ್ಲಿ ಹತ್ತಿ ಸೀರೆಗಳನ್ನು ಅದ್ದಿ ಅದ್ದಿ ತೆಗೆಯುತ್ತಿದ್ದಳು. ನೇಕಾರರ ಊರಿನಲ್ಲಿ ಹುಟ್ಟಿದವಳಿಗೆ ಆ ವಾಸನೆ ಬಾಲ್ಯವನ್ನು ನೆನಪಿಸಬೇಕಿತ್ತು. ನನಗೆ ನೆನಪಾದದ್ದು ದೊಮ್ಮಲೂರಿನ ಒಂದು ಎರಡನೇ ಮಹಡಿ, ಸೋರುವ ಕಿಟಕಿ, ಮತ್ತು ನಾನು ಎಂದೂ ನೋಡದ, ಇನ್ನು ನೋಡಲೂ ಆಗದ, ಇಂಗ್ಲೆಂಡಿನ ಒಂದು ಹತ್ತಿ ಗಿರಣಿ. ಆ ಗಿರಣಿಯ ಬಗ್ಗೆ ನನಗೆ ಗೊತ್ತಿರುವಷ್ಟು ನಾನು ಓದಿದ ಕಾಲೇಜಿನ ಬಗ್ಗೆಯೂ ಗೊತ್ತಿಲ್ಲ. ಅದರ ಗಂಜಿಮನೆ ಯಾವ ದಿಕ್ಕಿಗಿತ್ತು, ಯಾವ ಬಾಗಿಲು ಮಳೆಗೆ ಉಬ್ಬಿ ಮುಚ್ಚುತ್ತಿರಲಿಲ್ಲ, ಯಾರು ಯಾರ ಜೊತೆ ಮಾತು ಬಿಟ್ಟಿದ್ದರು, ಎಲ್ಲವನ್ನೂ ಹೇಳಬಲ್ಲೆ. ಒಂದು ಮಳೆಗಾಲವಿಡೀ ನಾನು ಅಲ್ಲಿಯೇ ಇದ್ದೆ.

ಆಗ ನಾನೂ ಅವ್ವನೂ ಹಲಸೂರಿನ ಒಂದು ಬಾಡಿಗೆ ಕೋಣೆಯಲ್ಲಿದ್ದೆವು. ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಕೊಪ್ಪಳದ ಬದಿಯ ನಮ್ಮೂರಿನಲ್ಲಿ ಅವ್ವ ನೇಕಾರರ ಸಂಘದ ಷೆಡ್ಡಿನಲ್ಲಿ ಕಂಡಿಕೆ ಸುತ್ತಿ ನನ್ನನ್ನು ಬೆಳೆಸಿದವಳು. ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯಲ್ಲಿ ಕೂರುವ ನೂಲಿನ ಸಣ್ಣ ಸುರುಳಿ. ಅದು ಸಡಿಲವಾದರೆ ನೇಯ್ಗೆ ಕೆಡುತ್ತದೆ, ಬಿಗಿಯಾದರೆ ಎಳೆ ಹರಿಯುತ್ತದೆ. ಊರಿನ ಮೂರು ಸಂಘಗಳನ್ನು ಕೂಡಿಸಿ ಒಂದು ಮಾಡಿದಾಗ ಒಂದೇ ಷೆಡ್ಡು ಸಾಕೆಂದರು. ಅವ್ವ ಮನೆಯಲ್ಲಿ ಕೂತಳು. ನಾನು ಇಂಗ್ಲಿಷ್ ಮೇಜರ್ ಮಾಡಿ ಬೆಂಗಳೂರಿಗೆ ಬಂದಾಗ ಅವಳನ್ನೂ ಕರೆದುಕೊಂಡು ಬಂದೆ. ಆ ಷೆಡ್ಡಿನ ಮಾತನ್ನು ಅವಳು ಮತ್ತೆ ಎತ್ತಿದ್ದೇ ಇಲ್ಲ. ಕೇಳಿದರೆ, "ಮುಗದ್ಹೋತಲ್ಲ, ಅದನ್ನೇನ್ ಮಾತಾಡೂದು" ಎಂದು ಅಡುಗೆಗೆ ಏಳುತ್ತಿದ್ದಳು.

ನನ್ನ ಕೆಲಸ ದೊಮ್ಮಲೂರಿನಲ್ಲಿ, ಇಮ್ತಿಯಾಜ್ ಎಂಬವರ ಪುಟ್ಟ ಕಚೇರಿಯಲ್ಲಿ. ಹೊರದೇಶದ ಲೈಬ್ರರಿಗಳು ತಮ್ಮ ಹಳೆಯ ಕೈಬರಹದ ಕಾಗದಗಳ ಚಿತ್ರ ತೆಗೆದು ಕಳಿಸುತ್ತಿದ್ದವು. ನಾವು ಎಂಟು ಮಂದಿ ಅದನ್ನು ಓದಿ, ಟೈಪ್ ಮಾಡಿ, ಪ್ರತಿ ಪುಟದಲ್ಲಿ ಏನಿದೆಯೆಂದು ಎರಡು ಸಾಲು ಬರೆದು ಕಳಿಸಬೇಕು. ಇಮ್ತಿಯಾಜ್ ಅವರ ತಂದೆಗೆ ಶಿವಾಜಿನಗರದಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಿತ್ತು. "ಕಾಗದ ಅಂದ್ರೆ ನಮ್ ಮನೇಲಿ ಅನ್ನ ಇದ್ದಂಗೆ ಮೇಡಂ, ತುಳಿಯೋ ಹಂಗಿಲ್ಲ" ಎನ್ನುತ್ತಿದ್ದರು. ಕಚೇರಿಯಲ್ಲಿ ಒಂದೇ ಒಂದು ಕಾಗದ ಇರಲಿಲ್ಲ, ಎಲ್ಲ ಪರದೆಯ ಮೇಲೆಯೇ. ಆದರೂ ಅವರು ಪರದೆ ಮುಟ್ಟುವ ಮುಂಚೆ ಕೈ ಒರೆಸಿಕೊಳ್ಳುತ್ತಿದ್ದರು.

ನನ್ನ ಪಕ್ಕದ ಮೇಜು ಡೋರಿಸ್ ಆಂಟಿಯದು. ಎಪ್ಪತ್ತು ದಾಟಿದವರು, ಕುಕ್ ಟೌನಿನವರು, ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷಿನ ಕೂಡುಬರಹ ತಿದ್ದಿಸಿ ನಿವೃತ್ತರಾದವರು. ತಮಿಳು, ಇಂಗ್ಲಿಷ್, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ಎಂಥ ಹಾಳು ಬರಹವಾದರೂ ಸರಿ, ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸಿ ನೋಡಿದರೆ ಓದಿಬಿಡುತ್ತಿದ್ದರು. "ಈ ಮನುಷ್ಯ ಎಡಗೈಯವನು ನೋಡಮ್ಮಾ, ಆಮೇಲೆ ಟೀಚರ್ ಹೊಡೆದು ಬಲಗೈಗೆ ಮಾಡಿಸಿದಾರೆ" ಎಂದು ಅಕ್ಷರದ ಓರೆ ನೋಡಿ ಹೇಳುತ್ತಿದ್ದರು. ನಿಜವೋ ಸುಳ್ಳೋ, ನಾವು ನಂಬುತ್ತಿದ್ದೆವು.

ಜೂನ್ ತಿಂಗಳ ಮೊದಲ ಮಳೆಗೆ ಫ್ಲೈಓವರಿನ ಕೆಳಗೆ ಮೊಣಕಾಲುದ್ದ ನೀರು ನಿಂತ ದಿನ ಹೊಸ ಕೆಲಸ ಬಂತು. ಉತ್ತರ ಇಂಗ್ಲೆಂಡಿನ ಒಂದು ಗಿರಣಿ ಊರಿನ ಲೈಬ್ರರಿ ಕಳಿಸಿದ್ದು, ಹತ್ತಾರು ಪೆಟ್ಟಿಗೆಗಳು. ಒಂದೊಂದು ಪೆಟ್ಟಿಗೆ ಒಂದೊಂದು ಹತ್ತಿ ಗಿರಣಿಯದು. ಹೆಚ್ಚಿನವು ಆಡಳಿತ ಮಂಡಳಿಯ ನಡಾವಳಿ ಪುಸ್ತಕಗಳು: ಇಂಥವರು ಹಾಜರಿದ್ದರು, ಇಂಥ ನಿರ್ಣಯವಾಯಿತು. ಮೊದಲೆರಡು ವಾರ ಆಕಳಿಸುತ್ತಲೇ ಟೈಪ್ ಮಾಡಿದೆ. ಆಮೇಲೆ ನಿಧಾನವಾಗಿ ಕತೆ ಕಟ್ಟಿಕೊಳ್ಳತೊಡಗಿತು. ಮೊದಲ ಮಹಾಯುದ್ಧ ಮುಗಿದ ಹುರುಪಿನಲ್ಲಿ ಜನ ಸಾಲ ಮಾಡಿ, ಸಿಕ್ಕ ಬೆಲೆಗೆ ಗಿರಣಿಗಳನ್ನು ಕೊಂಡಿದ್ದರು. ನಂತರ ಬಟ್ಟೆ ಹೋಗುವುದು ನಿಂತಿತು. ಅವರ ಬಟ್ಟೆಯಲ್ಲಿ ಬಹುಪಾಲು ಬರುತ್ತಿದ್ದದ್ದು ನಮ್ಮ ಕಡೆಗೇ. ಇಲ್ಲಿ ನಮ್ಮದೇ ಗಿರಣಿಗಳು ಎದ್ದಿದ್ದವು, ಜಪಾನಿನ ಬಟ್ಟೆ ಬಂದಿತ್ತು, ಸ್ವದೇಶಿಯ ಗಾಳಿ ಬೀಸಿತ್ತು. ನಡಾವಳಿಗಳಲ್ಲಿ ಮತ್ತೆ ಮತ್ತೆ ಅದೇ ಸಾಲು: ಇಂಡಿಯಾದಿಂದ ಬೇಡಿಕೆ ಇಲ್ಲ. ಕೊನೆಗೆ ಬ್ಯಾಂಕುಗಳು ಮುಂದೆ ನಿಂತು, ಒಂಟಿಯಾಗಿ ನಿಂತ ಗಿರಣಿಗಳನ್ನೆಲ್ಲ ಒಂದು ದೊಡ್ಡ ಕಂಪನಿಗೆ ಸೇರಿಸತೊಡಗಿದವು. ಸೇರಿದವುಗಳಲ್ಲಿ ಒಳ್ಳೆಯವನ್ನು ಇಟ್ಟುಕೊಂಡು ಉಳಿದವನ್ನು ಮುಚ್ಚುವುದು. ಮುಚ್ಚಿದ್ದನ್ನು ಬೇರೆ ಯಾರೂ ಕೊಂಡು ನಡೆಸಬಾರದೆಂದು ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸುವುದು.

ಇದನ್ನು ಒಂದು ಸಂಜೆ ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಮಗ್ಗಾನ ಒಡದ್ರಾ?"

"ಹೂಂ ಅವ್ವ. ಒಡಿಯಾಕ ಕರದಿದ್ದೂ ಆ ಗಿರಣಿ ಮಂದೀನ್ನ."

ಅವ್ವನ ಕೈ ಹಿಟ್ಟಿನ ಮೇಲೆಯೇ ಇತ್ತು. "ಅವರ ಬಟ್ಟಿ ಬಂದು ನಮ್ಮ ಹಿರ್‍ಯಾರ ಮಗ್ಗ ನಿಂತ್ವು. ನಾವು ಅವರ ಬಟ್ಟಿ ಬಿಟ್ವಿ, ಅವರ ಮಗ್ಗ ನಿಂತ್ವು. ಎರಡೂ ಕಡಿ ಕಂಡಿಕಿ ಸುತ್ತಾಕೆರು ಮಾತ್ರ ಯಾರನ್ನೂ ಏನೂ ಕೇಳಿದ್ದಿಲ್ಲ ನೋಡು." ಇಷ್ಟು ಹೇಳಿ ಮತ್ತೆ ಬಡಿಯತೊಡಗಿದಳು. ಷೆಡ್ಡಿನ ನೆನಪಿಗೆ ಅವಳು ಅಷ್ಟು ಹತ್ತಿರ ಬಂದದ್ದು ಅದೇ ಮೊದಲು.

ಅಲ್ಲಿಂದ ಅವ್ವ ನನ್ನ ಕೆಲಸದಲ್ಲಿ ಪಾಲುಗಾರಳಾದಳು. ಕಚೇರಿಯಲ್ಲಿ ನಾವು ಒಂದು ಪದಕ್ಕೆ ಎರಡು ದಿನ ಒದ್ದಾಡಿದ್ದೆವು. ಪುಟದ ತುಂಬ "ಕೆಟ್ಟ ಅಳು, ಕೆಟ್ಟ ಅಳು" ಎಂಬಂತೆ ಓದಿಸಿಕೊಳ್ಳುತ್ತಿತ್ತು. ಗಿರಣಿ ಹೆಂಗಸರು ಅಷ್ಟೊಂದು ಅಳುತ್ತಿದ್ದರೇ ಎಂದು ಡೋರಿಸ್ ಆಂಟಿ ಕನಿಕರಪಟ್ಟಿದ್ದರು. ಮನೆಯಲ್ಲಿ ಹೇಳಿದಾಗ ಅವ್ವ, "ಅಳೂದಲ್ಲ, ಹೊಕ್ಕು ಇರಬೇಕು. ಹಾಸು ಚಲೋ ಇದ್ದು ಹೊಕ್ಕು ಕೆಟ್ಟಿದ್ರ ಮ್ಯಾನೇಜರ ಹಂಗ ಬರಕೋತಾನ" ಎಂದಳು. ಮರುದಿನ ನೋಡಿದರೆ ಒಂದೇ ಒಂದು ಅಕ್ಷರದ ವ್ಯತ್ಯಾಸ. 'ವೆಪ್ಟ್' ಅಲ್ಲ, 'ವೆಫ್ಟ್', ಅಡ್ಡ ಎಳೆ, ನಮ್ಮ ಹೊಕ್ಕು. ಡೋರಿಸ್ ಆಂಟಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ನಿಮ್ಮ ಅಮ್ಮನಿಗೆ ಇಲ್ಲೊಂದು ಚೇರ್ ಹಾಕಿಸ್ಬೇಕು ಗಿರಿಜಾ" ಎಂದರು.

ಆಷಾಢ ಮುಗಿಯುವ ಹೊತ್ತಿಗೆ ಏಳನೇ ಪೆಟ್ಟಿಗೆ ನನ್ನ ಪಾಲಿಗೆ ಬಂತು. ನೂಲುವುದು, ನೇಯುವುದು ಎರಡೂ ಇದ್ದ ಗಿರಣಿ. ಅದರ ಮ್ಯಾನೇಜರನ ಹೆಸರು ಕ್ಲೆಗ್. ನಡಾವಳಿಗಳ ಅಡಿಯಲ್ಲಿ ಬಿಡಿ ಕಾಗದಗಳ ಒಂದು ಕಟ್ಟಿತ್ತು. ಗಿರಣಿ ದೊಡ್ಡ ಕಂಪನಿಗೆ ಸೇರಿದ ಮೇಲೆ ಮುಖ್ಯ ಕಚೇರಿ ಅವನಿಗೆ ಬರೆದ ಪತ್ರ ಮೊದಲು ಸಿಕ್ಕಿತು: ಮುಚ್ಚಿದಾಗ ಹೆಚ್ಚುವರಿಯಾಗುವ ಕೆಲಸಗಾರರ ಸಂಖ್ಯೆಯನ್ನು ವಿಭಾಗವಾರು ಕಳಿಸಿ. ಕ್ಲೆಗ್ ಸಂಖ್ಯೆಯ ಬದಲು ಹೆಸರುಗಳನ್ನು ಕಳಿಸಿರಬೇಕು, ಏಕೆಂದರೆ ಎರಡನೇ ಪತ್ರ ಒಂದೇ ಸಾಲಿನದು: ಸಂಖ್ಯೆ ಸಾಕು, ಹೆಸರುಗಳು ಬೇಕಿಲ್ಲ.

ಅವನು ಸಂಖ್ಯೆ ಕಳಿಸಿದ. ಆದರೆ ಹೆಸರು ಬರೆಯುವುದನ್ನು ನಿಲ್ಲಿಸಲಿಲ್ಲ. ಬಟ್ಟೆ ಗಂಟುಗಳಿಗೆ ಅಂಟಿಸುವ ಚೀಟಿಗಳ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ, ಇಡೀ ಗಿರಣಿಯ ಜನರನ್ನು ಒಬ್ಬೊಬ್ಬರನ್ನಾಗಿ ಬರೆದಿದ್ದ. ಹೆಸರು, ಕೆಲಸ, ಆಮೇಲೆ ಒಂದು ಮಾತು. ಬೇರೆ ಗಿರಣಿಗಳ ಮ್ಯಾನೇಜರುಗಳಿಗೆ ತಾನೇ ಶಿಫಾರಸು ಮಾಡೋಣವೆಂದು ಬರೆದುಕೊಂಡಿದ್ದನೋ ಏನೋ.

ಡೋರಿಸ್ ಆಂಟಿಯೂ ನಾನೂ ತಲೆ ಕೂಡಿಸಿ ಮೊದಲ ಚೀಟಿ ಓದಿದೆವು. "ಥಾಮಸ್, ನೂಲುವವನು. ತಾಯಿ ಹಾಸಿಗೆ ಹಿಡಿದಿದ್ದಾಳೆ, ದೂರ ಕಳಿಸಬಾರದು." ಎರಡನೆಯದು: "ಮೇರಿ, ನೇಯುವವಳು. ಕಿವಿ ಕೇಳಿಸುವುದಿಲ್ಲ. ಷೆಡ್ಡಿನ ಗದ್ದಲದಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುವುದರಿಂದ ಇದು ಯಾರಿಗೂ ತಿಳಿದಿಲ್ಲ. ತಿಳಿಸಬಾರದು." ಮೂರನೆಯದು: "ಆನಿ, ಕಂಡಿಕೆ ಸುತ್ತುವವಳು. ಇಡೀ ಕೋಣೆಗೆ ಹಾಡುತ್ತಾಳೆ. ಇವಳನ್ನು ಎಲ್ಲಿಗಾದರೂ ಕಳಿಸುವುದಾದರೆ ಕೋಣೆಯನ್ನೂ ಜೊತೆಗೆ ಕಳಿಸಬೇಕಾದೀತು."

ಡೋರಿಸ್ ಆಂಟಿ ಕನ್ನಡಕ ಕೆಳಗಿಳಿಸಿ ನನ್ನ ಕಡೆ ನೋಡಿದರು. "ಈ ಮನುಷ್ಯ ಒಳ್ಳೆಯವನು ಕಣಮ್ಮಾ" ಎಂದರು. ಅವನ ಅಕ್ಷರದ ಓರೆಯ ಬಗ್ಗೆ ಆ ದಿನ ಏನೂ ಹೇಳಲಿಲ್ಲ.

ಅದೇ ವಾರ ನಮ್ಮ ಕಚೇರಿಯ ಸುದ್ದಿಯೂ ಹೊರಬಿತ್ತು. ಮಾರತ್ತಹಳ್ಳಿಯ ಒಂದು ದೊಡ್ಡ ಕಂಪನಿ ನಮ್ಮನ್ನು ತನ್ನೊಳಗೆ ಸೇರಿಸಿಕೊಳ್ಳುತ್ತಿತ್ತು. ಇಮ್ತಿಯಾಜ್ ಎಲ್ಲರನ್ನೂ ಕರೆದು ನಿಂತುಕೊಂಡೇ ಹೇಳಿದರು. "ಸಣ್ಣೋರಿಗೆ ಈಗ ಯಾರೂ ಕೆಲಸ ಕೊಡಲ್ಲ. ದೊಡ್ಡೋರ ಹತ್ರಾನೇ ಎಲ್ಲಾ ಹೋಗುತ್ತೆ, ಅವರು ನಮಗೆ ಕೊಟ್ರೆ ಉಂಟು. ಒಳಗೆ ಹೋದ್ರೆ ನಿಮ್ಮ ಕೆಲಸ ಉಳಿಯುತ್ತೆ ಅಂತ ಒಪ್ಕೊಂಡೆ. ಕೆಲಸ ಉಳಿಯುತ್ತೆ ಅಂತ ಬರೆದೂ ಕೊಟ್ಟಿದ್ದಾರೆ." ನಾನೂ ಡೋರಿಸ್ ಆಂಟಿಯೂ ಮುಖ ನೋಡಿಕೊಂಡೆವು. ಆ ತಿಂಗಳಿಡೀ ಇಂಥ ಮಾತುಗಳನ್ನೇ ನಾವು ಟೈಪ್ ಮಾಡುತ್ತಿದ್ದೆವು. ಮುಂದಿನ ಪುಟದಲ್ಲಿ ಏನಿರುತ್ತದೆಂದೂ ನಮಗೆ ಗೊತ್ತಿತ್ತು. ಆದರೆ ಅವರ ಮುಖ ನೋಡಿ ಹೇಳುವ ಮನಸ್ಸಾಗಲಿಲ್ಲ.

ಹೊಸ ಮ್ಯಾನೇಜರ್ ನಾಗರಾಜ್ ಶ್ರಾವಣದ ಮೊದಲ ಸೋಮವಾರ ಬಂದ. ದಾವಣಗೆರೆಯವನು, ನನ್ನದೇ ವಯಸ್ಸು. ಅವನನ್ನು ಖಳನನ್ನಾಗಿ ಮಾಡಿದರೆ ಈ ಬರಹ ಸುಲಭವಾದೀತು, ಆದರೆ ಅವನು ಅಂಥವನಲ್ಲ. ಬೆಣ್ಣೆಯಂತೆ ಮಾತಾಡುತ್ತಿದ್ದ, ಎಲ್ಲರ ಊಟದ ಡಬ್ಬಿಯಿಂದಲೂ ಒಂದು ತುತ್ತು ತಿನ್ನುತ್ತಿದ್ದ. ಅವನ ಹಿಂದೆ ಒಂದು ಸಾಫ್ಟ್‌ವೇರೂ ಬಂತು. ಕೈಬರಹವನ್ನು ತಾನೇ ಓದುವಂಥದ್ದು. ನಡಾವಳಿ ಪುಸ್ತಕಗಳ ದುಂಡಗಿನ ಅಕ್ಷರವನ್ನು ಅದು ನಮಗಿಂತ ಬೇಗ ಓದಿತು. ಕ್ಲೆಗ್‌ನ ಪೆನ್ಸಿಲ್ ಚೀಟಿ ಕೊಟ್ಟಾಗ ಮಾತ್ರ ಥಾಮಸನ ತಾಯಿ 'ಬೆಡ್ ರಿಡನ್' ಎಂದಿದ್ದನ್ನು "ತಾಯಿ, ಹಾಸಿಗೆ, ರಿಬ್ಬನ್" ಎಂದು ಓದಿತು.

"ಅದು ಬಿಡಿ, ಬಿಡಿ ಕಾಗದ ನಮ್ಮ ಸ್ಕೋಪ್‌ನಲ್ಲೇ ಇಲ್ವಲ್ಲ" ಎಂದ ನಾಗರಾಜ್. "ಕಾಂಟ್ರಾಕ್ಟ್‌ನಲ್ಲಿ ನಡಾವಳಿ ಪುಸ್ತಕ ಅಂತ ಮಾತ್ರ ಇದೆ. ಬಿಡಿ ಕಾಗದಕ್ಕೆ 'ಇತರೆ, ಒಂದು ಕಟ್ಟು' ಅಂತ ಒಂದು ಲೈನ್ ಹಾಕಿ, ಮುಂದೆ ಹೋಗೋಣ."

"ಇನ್ನೂರಕ್ಕೂ ಹೆಚ್ಚು ಜನ ಇದಾರೆ ಸರ್ ಅದ್ರಲ್ಲಿ."

"ಗೊತ್ತು ರೀ ಗಿರಿಜಾ. ನಂಗೂ ಬೇಜಾರೇ. ಆದ್ರೆ ನನ್ ಮೇಲೂ ಒಬ್ರು ಇದಾರೆ, ಅವ್ರಿಗೆ ನಾನು ಪೇಜ್ ಲೆಕ್ಕ ಕೊಡ್ಬೇಕು."

ಎರಡು ವಾರ ಕಳೆದ ಮೇಲೆ ಅವನು ಡೋರಿಸ್ ಆಂಟಿಯ ಮೇಜಿನ ಮುಂದೆ ಬಂದು ನಿಂತ. ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ. ಆಂಟಿಯೇ ಅವನನ್ನು ಕಾಪಾಡಿದರು.

"ನಾನು ಸ್ಲೋ ಅಂತ ಅಲ್ವಾ ಸರ್?"

"ಹಾಗಲ್ಲ ಮೇಡಂ, ಸಾಫ್ಟ್‌ವೇರ್ ಬಂದ ಮೇಲೆ ಓದೋ ಪೋಸ್ಟೇ..."

"ಮೂರು ತಲೆಮಾರಿಗೆ ಅಕ್ಷರ ಕಲಿಸಿದೀನಿ. ನಿಮ್ಮ ಮೆಷೀನ್‌ಗೂ ಕಲಿಸ್ಬೇಕಂದ್ರೆ ಕಲಿಸ್ತೀನಿ. ಕರ್ಕೊಂಡು ಬಂದು ನನ್ನ ಎದುರು ಕೂರಿಸಿ." ಎಲ್ಲರೂ ನಕ್ಕರು, ನಾಗರಾಜನೂ ನಕ್ಕ. ಆಂಟಿ ಕೂಡ ನಗುತ್ತಲೇ ಮೇಜಿನ ಮೇಲಿದ್ದ ತಮ್ಮ ಪುಟ್ಟ ಮೇರಿ ಮಾತೆಯ ಚಿತ್ರವನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಇಮ್ತಿಯಾಜ್ ಆಂಟಿಯನ್ನು ಬಸ್ ಸ್ಟಾಪಿನವರೆಗೆ ಕೊಡೆ ಹಿಡಿದು ಬಿಟ್ಟುಬಂದರು. ಹಿಂದಿರುಗಿದವರು ಕಿಟಕಿಯ ಹತ್ತಿರ ನಿಂತಿದ್ದರು. ಬರೆದುಕೊಟ್ಟ ಕಾಗದದಲ್ಲಿ ಖಾಯಂ ನೌಕರರ ಮಾತು ಮಾತ್ರ ಇತ್ತಂತೆ. ಆಂಟಿ ದಿನದ ಲೆಕ್ಕದವರು.

ಪ್ರತಿ ಗುರುವಾರ ಮಧ್ಯಾಹ್ನ ಇಂಗ್ಲೆಂಡಿನ ಲೈಬ್ರರಿಯ ಜೋನ್ ಎಂಬ ಹೆಂಗಸಿನ ಜೊತೆ ವಿಡಿಯೊ ಕರೆ ಇರುತ್ತಿತ್ತು. ಮಾತಾಡುವುದು ನಾಗರಾಜ್, ನಾವು ಹಿಂದೆ ಕೂತು ಕೇಳಬೇಕು. ಆ ಗುರುವಾರ ಅವನು "ಏಳನೇ ಪೆಟ್ಟಿಗೆ ಮುಗಿದಿದೆ" ಎಂದ.  ನನ್ನ ಇಂಗ್ಲಿಷಿನಲ್ಲಿ ಕೊಪ್ಪಳದ ಗಾಳಿ ಬೀಸುತ್ತದೆಂದು ನಾನು ಯಾವ ಕರೆಯಲ್ಲೂ ಬಾಯಿ ಬಿಟ್ಟವಳಲ್ಲ. ಆದರೆ ಎದ್ದು ನಿಂತು, "ಮುಗಿದಿಲ್ಲ ಮೇಡಂ. ಅದರಲ್ಲಿ ಗಿರಣಿಯ ಎಲ್ಲ ಜನರ ಹೆಸರಿದೆ, ನಾವು ಅದನ್ನು ಬಿಡುತ್ತಿದ್ದೇವೆ" ಎಂದೆ. ನಾಗರಾಜ್ ತಿರುಗಿ ನೋಡಿದ. ತಡೆಯಲಿಲ್ಲ. ಕ್ಲೆಗ್‌ನ ಮೂರು ಚೀಟಿ ಓದಿ ಹೇಳಿದೆ. 

 ಜೋನ್ ಹೇಳಿದ ಮಾತು ನಾನು ನಿರೀಕ್ಷಿಸಿದ್ದಲ್ಲ. ಅವಳ ಲೈಬ್ರರಿಯನ್ನೂ ಜಿಲ್ಲೆಯ ದೊಡ್ಡ ಲೈಬ್ರರಿಯೊಂದಿಗೆ ಸೇರಿಸುತ್ತಿದ್ದರು. ಸೆಪ್ಟೆಂಬರ್ ಕೊನೆಗೆ ಅವಳ ಹುದ್ದೆ ಇರುವುದಿಲ್ಲ. ಕಾಂಟ್ರಾಕ್ಟ್ ಹಿಗ್ಗಿಸುವ ಅಧಿಕಾರ ಆಗಲೇ ಅವಳ ಕೈಯಲ್ಲಿರಲಿಲ್ಲ. "ಆದರೆ ಸ್ವಯಂಸೇವಕರು ಓದಿಕೊಟ್ಟದ್ದನ್ನು ಸೇರಿಸುವ ಅಧಿಕಾರ ನನಗೆ ಕೊನೆಯ ದಿನದವರೆಗೂ ಇದೆ" ಎಂದಳು. "ನಿಮ್ಮಲ್ಲಿ ಯಾರಾದರೂ ಮಾಡಿಕೊಟ್ಟರೆ ಚಿತ್ರಗಳನ್ನು ನಿಮ್ಮ ಹೆಸರಿಗೇ ತೆರೆದುಕೊಡುತ್ತೇನೆ."

ಕರೆ ಮುಗಿದ ಮೇಲೆ ನಾಗರಾಜ್ ನನ್ನನ್ನು ಹೊರಗೆ ಕರೆದ. ಬೈಯುತ್ತಾನೆಂದುಕೊಂಡೆ. "ಹಿಂಗೆ ಮಾಡ್ಬಾರ್ದು ರೀ, ನಂಗೆ ಮೇಲಿಂದ ಬರುತ್ತೆ" ಎಂದ. ಸ್ವಲ್ಪ ತಡೆದು, "ಕಚೇರಿ ಟೈಮಲ್ಲಿ ಮಾಡ್ಬೇಡಿ. ಭಾನುವಾರ ನೀವು ಏನ್ ಮಾಡ್ತೀರೋ ನಂಗೆ ಗೊತ್ತಿಲ್ಲ" ಎಂದು ಒಳಗೆ ಹೋದ.

ಹಾಗೆ ನಮ್ಮ ಭಾನುವಾರಗಳು ಶಿವಾಜಿನಗರಕ್ಕೆ ಹೋದವು. ಇಮ್ತಿಯಾಜ್ ಅವರ ತಂದೆಯ ರಟ್ಟಿನಂಗಡಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿತ್ತು. ಮೂವರು ಕೂತರೆ ನಾಲ್ಕನೆಯವರು ನಿಲ್ಲಬೇಕು. ಮೈದಾ ಗೋಂದಿನ ವಾಸನೆ, ಹೊರಗೆ ಕಬಾಬಿನ ಹೊಗೆ, ತಗಡಿನ ಮೇಲೆ ಮಳೆ. ಇಮ್ತಿಯಾಜ್ ಕಚೇರಿಯ ಹಳೆಯ ಪರದೆಯೊಂದನ್ನು ತಂದು ರಟ್ಟು ಕತ್ತರಿಸುವ ಹಲಗೆಯ ಮೇಲಿಟ್ಟಿದ್ದರು. ಡೋರಿಸ್ ಆಂಟಿ ಓದುವುದು, ನಾನು ಟೈಪ್ ಮಾಡುವುದು, ಇಮ್ತಿಯಾಜ್ ಇಬ್ಬರ ಹಿಂದೆ ನಿಂತು ಒಂದೊಂದು ಹೆಸರನ್ನೂ ತಾಳೆ ನೋಡುವುದು. ಎರಡನೇ ಭಾನುವಾರದಿಂದ ಅವ್ವನೂ ಬಂದಳು. ಮನೆಯಲ್ಲಿ ಒಬ್ಬಳೇ ಕೂತೇನು ಮಾಡಲಿ ಎಂಬುದು ನೆಪ.

ಕೆಲಸದ ಮಾತು ಬಂದಾಗಲೆಲ್ಲ ನಾನು ಅವ್ವನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಒಂದು ಚೀಟಿಯಲ್ಲಿ ಕ್ಲೆಗ್ ಬರೆದಿದ್ದ: "ಸಾರಾ, ನೇಯುವವಳು. ಲಾಳಿಗೆ ಮುತ್ತಿಟ್ಟು ಮುತ್ತಿಟ್ಟು ಮುಂದಿನ ಹಲ್ಲುಗಳು ಹೋಗಿವೆ." ಡೋರಿಸ್ ಆಂಟಿ ಹುಬ್ಬೇರಿಸಿದರು. "ಇದೇನಮ್ಮಾ, ಲಾಳಿಗ್ಯಾಕೆ ಕಿಸ್ ಮಾಡ್ತಾಳೆ?"

ಅವ್ವ ಮೂಲೆಯಿಂದ, "ಮುತ್ತಲ್ಲವಾ" ಎಂದಳು. "ಲಾಳ್ಯಾಗ ಹೊಸಾ ಕಂಡಿಕಿ ಹಾಕಿದ ಮ್ಯಾಲ ಎಳಿ ತೂತಿನ್ಯಾಗಿಂದ ಹೊರಗ ಬರಬೇಕಲ್ಲ, ಅದಕ್ಕ ಬಾಯಿಟ್ಟು ಎಳೀತಾರ. ನಮ್ಮಲ್ಲೂ ಎಳೀತಿದ್ರು. ಒಬ್ಬರ ಬಾಯಾಗಿನ ಲಾಳಿ ಮತ್ತೊಬ್ಬರು. ಕೆಮ್ಮು ಒಬ್ಬರಿಗಿದ್ರ ಎಲ್ಲಾರಿಗೂ." ಅವಳು ತುಟಿ ಚೂಪು ಮಾಡಿ, ಉಸಿರು ಒಳಗೆಳೆದು ತೋರಿಸಿದಳು. ಚಿಟಿಕೆ ಹೊಡೆದಂಥ ಸಣ್ಣ ಸದ್ದು.  ಡೋರಿಸ್ ಆಂಟಿ ಎದ್ದು ಹೋಗಿ ಅವ್ವನ ಪಕ್ಕದಲ್ಲಿ ನೆಲದ ಮೇಲೆಯೇ ಕೂತರು. ಇಬ್ಬರಿಗೂ ಪೂರ್ತಿ ಅರ್ಥವಾಗುವ ಭಾಷೆಯೊಂದು ಇರಲಿಲ್ಲ. ಆದರೂ ಆ ಮಧ್ಯಾಹ್ನವೆಲ್ಲ ಇಬ್ಬರೂ ಮಾತಾಡುತ್ತಲೇ ಇದ್ದರು.

ಸೆಪ್ಟೆಂಬರಿನಲ್ಲಿ ಮೇರಿ ಮಾತೆಯ ಹಬ್ಬ ಬಂತು. ಶಿವಾಜಿನಗರದ ರಸ್ತೆಗಳೆಲ್ಲ ಹರಕೆಯ ಕಾವಿ ಬಟ್ಟೆ ಉಟ್ಟು ಚರ್ಚಿಗೆ ಬಂದವರಿಂದ ತುಂಬಿಹೋದವು. ಹಬ್ಬದ ಪಕ್ಕದ ಭಾನುವಾರ ಬಸ್ಸುಗಳು ಒಳಗೆ ಬರಲಿಲ್ಲ. ನಾನೂ ಅವ್ವನೂ ಹಲಸೂರಿನಿಂದ ನಡೆದೇ ಹೋದೆವು. ಡೋರಿಸ್ ಆಂಟಿ ಕಾವಿ ಸೀರೆಯಲ್ಲೇ, ಕಾಲಿಗೆ ಚಪ್ಪಲಿಯಿಲ್ಲದೆ, ಚರ್ಚಿನಲ್ಲಿ ಮೊಂಬತ್ತಿ ಹಚ್ಚಿ ನೇರವಾಗಿ ಅಂಗಡಿಗೆ ಬಂದರು. "ಕ್ಲೆಗ್‌ಗೂ ಒಂದು ಹಚ್ಚಿದೆ" ಎಂದರು. ಅವರ ಕಣ್ಣು ಆಗಲೇ ಮಂಜಾಗುತ್ತಿತ್ತು. ಮೊದಲು ಒಂದೇ ನೋಟಕ್ಕೆ ಓದುತ್ತಿದ್ದ ಹೆಸರನ್ನು ಈಗ ಮೂರು ಸಲ ದೊಡ್ಡದು ಮಾಡಿಸಿ ಓದುತ್ತಿದ್ದರು. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂದರೆ, ಇದು ಮುಗಿಯಲಿ ಎನ್ನುತ್ತಿದ್ದರು.

ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ, ಆಜಾನ್ ಮುಗಿದು ಸ್ವಲ್ಪ ಹೊತ್ತಿಗೆ, ಕೊನೆಯ ಚೀಟಿ ಮುಗಿಯಿತು. ಅದು ಬಾಯ್ಲರ್ ನೋಡಿಕೊಳ್ಳುವವನದು. ಅದರ ಕೆಳಗೆ ಕ್ಲೆಗ್ ತನ್ನ ಹೆಸರನ್ನೂ ಬರೆದುಕೊಂಡಿದ್ದ. "ಮ್ಯಾನೇಜರ್" ಎಂದಷ್ಟೇ, ತನ್ನ ಬಗ್ಗೆ ಹೇಳಲು ಅವನಿಗೆ ಯಾವ ಮಾತೂ ಹೊಳೆದಿರಲಿಲ್ಲ. ಇಮ್ತಿಯಾಜ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಿ, ಕೈ ಒರೆಸಿಕೊಂಡು, ಕಳಿಸುವ ಗುಂಡಿ ಒತ್ತಿದರು. ಎರಡು ದಿನಗಳ ನಂತರ ಜೋನ್ ಉತ್ತರಿಸಿದಳು. ಪಟ್ಟಿ ಎಲ್ಲರೂ ಹುಡುಕಿ ನೋಡುವಂತೆ ಸೇರಿದೆ. ನಾನು ಮೇಜು ಖಾಲಿ ಮಾಡುತ್ತಿದ್ದೇನೆ. ನಿಮಗೆಲ್ಲ ಒಳ್ಳೆಯದಾಗಲಿ.

ಕ್ಲೆಗ್‌ನ ಪಟ್ಟಿಯಿಂದ ಯಾರಿಗಾದರೂ ಕೆಲಸ ಸಿಕ್ಕಿತೇ? ನಮಗೆ ಸಿಕ್ಕ ಕಾಗದಗಳಲ್ಲಿ ಅದಿಲ್ಲ. ಗಿರಣಿ ಮುಚ್ಚಿತು, ಯಂತ್ರಗಳನ್ನು ಒಡೆದರು. ಅವನ ಕೊನೆಯ ಪತ್ರದಲ್ಲಿ ಬೀಗದ ಕೈಗಳನ್ನು ಕಳಿಸಿದ್ದೇನೆ ಎಂದಿದೆ, ಅಷ್ಟೆ. ನಮ್ಮ ದೊಮ್ಮಲೂರಿನ ಮಹಡಿಯನ್ನೂ ಅಕ್ಟೋಬರಿನಲ್ಲಿ ಖಾಲಿ ಮಾಡಿದರು. ನನ್ನನ್ನು ಮಾರತ್ತಹಳ್ಳಿಗೆ ಕಳಿಸಿದರು, ಸಾಫ್ಟ್‌ವೇರ್ ಓದಿದ ವಿಮೆ ಅರ್ಜಿಗಳನ್ನು ಸರಿನೋಡುವ ಕೆಲಸಕ್ಕೆ. ಇಮ್ತಿಯಾಜ್ ಅವರಿಗೆ ಅಲ್ಲಿ ಒಂದು ದೊಡ್ಡ ಹುದ್ದೆಯ ಹೆಸರು ಕೊಟ್ಟು ಕೆಲಸ ಮಾತ್ರ ಕೊಡಲಿಲ್ಲ. ಎರಡು ತಿಂಗಳು ನೋಡಿ ಬಿಟ್ಟು, ಅಪ್ಪನ ಅಂಗಡಿಯಲ್ಲಿ ಕೂತರು.

ದೀಪಾವಳಿಯ ಹಿಂದಿನ ವಾರ ಜೋನ್ ತನ್ನ ಸ್ವಂತ ವಿಳಾಸದಿಂದ ನನಗೊಂದು ಪತ್ರವನ್ನು ದಾಟಿಸಿದಳು. ಬರೆದವಳು ಆನಿಯ ಮಗಳು. ತೊಂಬತ್ತರ ಹತ್ತಿರದವಳು, ಮೊಮ್ಮಗನ ಕೈಯಲ್ಲಿ ಬರೆಸಿದ್ದು. ಶನಿವಾರ ಅದನ್ನು ಕುಕ್ ಟೌನಿಗೆ ಒಯ್ದು ಡೋರಿಸ್ ಆಂಟಿಗೆ ಓದಿ ಹೇಳಿದೆ. ಒಂದು ಕಣ್ಣಿಗೆ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿ ಕೂತಿದ್ದರು. ಎರಡು ಸಲ ಓದಿಸಿದರು. ಸಂಜೆ ಮನೆಗೆ ಬಂದು ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

"ನನ್ನ ತಾಯಿ ಗಿರಣಿ ಮುಚ್ಚಿದ ಮೇಲೆ ಬೇರೆಯವರ ಮನೆಗಳನ್ನು ಒರೆಸಿ ನಮ್ಮನ್ನು ಬೆಳೆಸಿದಳು. ಮನೆಯಲ್ಲಿ ಅವಳು ಒಂದು ದಿನವೂ ಹಾಡಿದ್ದನ್ನು ನಾನು ಕೇಳಿಲ್ಲ. ಚರ್ಚಿನಲ್ಲಿಯೂ ಪುಸ್ತಕ ಹಿಡಿದು ತುಟಿ ಮಾತ್ರ ಆಡಿಸುತ್ತಿದ್ದಳು. ಅವಳಿಗೆ ಹಾಡಲು ಬರುವುದಿಲ್ಲವೆಂದೇ ನಾನು ಈ ವಯಸ್ಸಿನವರೆಗೂ ನಂಬಿದ್ದೆ. ಇಡೀ ಕೋಣೆಗೆ ಹಾಡುತ್ತಿದ್ದಳು ಎಂಬುದನ್ನು ಓದಿಕೊಟ್ಟವರು ಯಾರೋ ನನಗೆ ತಿಳಿಯದು. ಅವರಿಗೆ ನನ್ನ ವಂದನೆ ಮುಟ್ಟಿಸಿ."

ಅವ್ವ ಒಂದು ಸಲ ಮೂಗೊರೆಸಿಕೊಂಡಳು. ಆಮೇಲೆ ಬೇಳೆ ಬೇಯುತ್ತಿದೆಯೆಂದು ಎದ್ದು ಹೋದಳು.

ಮರುದಿನ ಬೆಳಿಗ್ಗೆ ನಾನು ತಲೆ ಒಣಗಿಸಿಕೊಳ್ಳುತ್ತ ಬಾಗಿಲಲ್ಲಿ ಕೂತಿದ್ದೆ. ಎಷ್ಟೋ ದಿನಗಳ ಮೇಲೆ ಬಿಸಿಲು ಬಿದ್ದಿತ್ತು. ಅವ್ವ ಬಂದು ನನ್ನ ಪಕ್ಕದಲ್ಲಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

"ನಿನ್ನ ಕಡಿ ಬರಿಯೂ ಪುಸ್ತಕ ಐತೇನ?"

"ಐತಿ. ಯಾಕವ್ವ?"

"ತಗೊಂಬಾ. ಮೂರು ಸಂಘ ಕೂಡಿದಾಗ ನಮ್ಮ ಷೆಡ್ಡಿನ್ಯಾಗಿಂದ ಹೊರಗ ಬಂದಾಕೆರು ಹತ್ತೊಂಬತ್ತು ಮಂದಿ. ನನಗ ಎಲ್ಲಾರೂ ನೆನಪದಾರ. ನಾ ಹೇಳತೀನಿ, ನೀ ಬರಿ."

ನಾನು ಒದ್ದೆ ತಲೆಯಲ್ಲೇ ಎದ್ದು ಪುಸ್ತಕ, ಪೆನ್ನು ತಂದೆ. ಅವ್ವ ಕಣ್ಣು ಮುಚ್ಚಿಕೊಂಡಳು, ಷೆಡ್ಡಿನ ಬಾಗಿಲಲ್ಲಿ ನಿಂತು ಒಳಗೆ ನೋಡುವವಳಂತೆ.

"ಬಾಗಲಾ ಹತ್ತಿರ ಹುಲಿಗೆಮ್ಮ. ಬರದೇನು? ನಾಕು ಮಗ್ಗಕ್ಕ ಒಬ್ಬಾಕಿನ ಸುತ್ತಿ ಕೊಡತಿದ್ಲು. ಸಿಟ್ಟು ಭಾಳ, ಆದ್ರ ಯಾರರೆ ಉಪವಾಸ ಬಂದಿದ್ರ ಮುಖಾ ನೋಡೇ ತಿಳಕೋತಿದ್ಲು. ಅದನ್ನೂ ಬರಿ."

ಬರೆದೆ.